ಚಿತ್ತಾರಕ್ಕೆ ಸಮುದಾಯ ಭವನದ ಬಾಗಿಲು ತೆರೆಯಲಿ



ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಸಮೀಪಿಸಿತೆಂದರೆ ಹಬ್ಬದ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಅತ್ತೆ ಸೊಸೆಯರೂ ನೆರೆಯ ಹೆಣ್ಣುಮಕ್ಕಳೂ ಒಂದೆಡೆ ಕುಳಿತು ಚಿತ್ತಾರ ಬರೆಯುವ ಪದ್ಧತಿಯು ತಮ್ಮ ಪತ್ರಿಕೆಯ ಓದುಗರಲ್ಲನೇಕರಿಗೆ ತಿಳಿದಿರಬಹುದು. ಒಬ್ಬಳೆಳೆದ ಗೆರೆಯನ್ನು ಮತ್ತೊಬ್ಬಳು ಮುಂದುವರಿಸುವಾಗ, ಕೈ ನಡುಗುವ ವೃದ್ಧೆಯು ಎಳೆಯೆಣಿಸಿ ಹೇಳಿ ಕಿರಿಯಳಿಂದ ತಿದ್ದಿಸುವಾಗ, ಅಲ್ಲಿ ನಡೆಯುವ ಸುಖದುಃಖಗಳ ವಿನಿಮಯವು ಚಿತ್ರದಷ್ಟೇ ಬೆಲೆಯುಳ್ಳದ್ದೆಂಬುದು ನನ್ನ ದೃಢವಾದ ನಂಬಿಕೆ. ಕಲೆಯ ಬೆಲೆ ಚಿತ್ರದಲ್ಲಷ್ಟೇ ಇಲ್ಲವೆಂಬುದಕ್ಕೆ ಬೆಂಬಲವೂ ಉಂಟು: ಕಲೆಯಿಂದ ಆರೋಗ್ಯಕ್ಕೊದಗುವ ಹಿತವನ್ನು ಕುರಿತು 3000ಕ್ಕೂ ಮಿಕ್ಕ ಅಧ್ಯಯನಗಳನ್ನು ಪರಿಶೀಲಿಸಿದ ವರದಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆಯು 2019ರಲ್ಲಿ ಪ್ರಕಟಿಸಿದೆ.

ಆದರೆ ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನವು ಬಂದ ಬಳಿಕ, ಮದುವೆಯ ಹಸೆಗೋಡೆಯ ಚಿತ್ತಾರವನ್ನೂ ಕಾಗದದ ಮೇಲೆ ಬರೆಯಿಸಿ ತಂದು ಅಂಟಿಸುವುದು ನಮ್ಮಲ್ಲಿ ರೂಢಿಯಾಗುತ್ತಿದ್ದು, ಹೆಂಗಸರು ಕೂಡಿ ಕುಳಿತುಕೊಳ್ಳುವ ಸಂದರ್ಭವೇ ವಿರಳವಾಗಿದೆ. ಅವರು ಕೂಡಬಹುದಾದ ನಮ್ಮೂರಿನ ಸಮುದಾಯ ಭವನವಾದರೋ ಸಭೆ, ಮದುವೆಗಳ ದಿನಗಳ ಹೊರತು ಬೀಗ ಹಾಕಿಕೊಂಡೇ ಇರುತ್ತದೆ. ಅದರ ಗೋಡೆಗೆ ಇತ್ತೀಚೆಗೆ ಗುತ್ತಿಗೆ ಕೊಟ್ಟು ಬರೆಯಿಸಿದ ಚಿತ್ತಾರವು ನೋಡಲು ಅಂದವಾಗಿದ್ದರೂ, ಊರಿನ ಒಂದು ಕೈಯೂ ಅದಕ್ಕೆ ಸೋಕಿಲ್ಲವೆಂಬುದು ಖೇದಕರ.

ಆದುದರಿಂದ ಗ್ರಾಮ ಪಂಚಾಯಿತಿಗಳು ವಾರಕ್ಕೊಂದು ಮಧ್ಯಾಹ್ನ ಇಂತಹ ಭವನಗಳನ್ನು ತೆರೆದಿಟ್ಟು, ಕೆಮ್ಮಣ್ಣು, ನಾರು, ಅಕ್ಕಿಗಳ ಅಲ್ಪ ವೆಚ್ಚವನ್ನು ತಾವೇ ವಹಿಸಿ, ಕಲೆಯನ್ನು ಬಲ್ಲ ಹಿರಿಯರಿಗೆ ಗೌರವಧನವಿತ್ತು, ಜಾತಿ ವಯಸ್ಸುಗಳ ಭೇದವೆಣಿಸದೆ ಎಲ್ಲರನ್ನೂ, ಅವರಲ್ಲಿಯೂ ಮನೆಯಲ್ಲಿ ಒಂಟಿಯಾಗಿರುವ ವೃದ್ಧರನ್ನು ಮೊದಲು, ಕರೆಯಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ. ಸ್ಪರ್ಧೆ, ಬಹುಮಾನಗಳು ಮಾತ್ರ ಬೇಡ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಸಾಗರ ತಾಲ್ಲೂಕು