ವೈದ್ಯಕೀಯ ಇಂಗ್ಲಿಷನ್ನು ಕನ್ನಡದಲ್ಲೇ ಕಲಿಸಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ,
ಬೆಂಗಳೂರು

ಮಾನ್ಯರೇ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ನರ್ಸಿಂಗ್, ಫಿಸಿಯೊಥೆರಪಿ, ಲ್ಯಾಬ್ ಟೆಕ್ನಾಲಜಿ, ಆಯುರ್ವೇದ, ಎಂಬಿಬಿಎಸ್ ಎಂದು ತಮ್ಮ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿಗೆ ಬಂದು ಸೇರುತ್ತಾರೆ. ಕೆಲವರಿಗೆ ಮೂಡುಬಿದಿರೆಯ ವಿದ್ಯಾಗಿರಿ ಅಥವಾ ಉಜಿರೆಯೇ ಸಾಕಾಗುತ್ತದೆ, ಉಳಿದವರು ಮಂಗಳೂರಿಗೆ ಹೋಗುತ್ತಾರೆ. ಇವರಲ್ಲಿ ಹೆಚ್ಚಿನವರ ಮನೆಮಾತು ತುಳು. ಬ್ಯಾರಿ, ಕೊಂಕಣಿ ಆಡುವವರೂ ಸಾಕಷ್ಟಿದ್ದಾರೆ. ಅಂದರೆ ಕನ್ನಡವೇ ಇವರಿಗೆ ಶಾಲೆಯಲ್ಲಿ ದುಡಿದು ಗಳಿಸಿದ ಭಾಷೆ, ಇಂಗ್ಲಿಷ್ ಮೂರನೆಯದು. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಕನ್ನಡದಲ್ಲಿ ಪ್ರವೇಶ ಪರೀಕ್ಷೆ ಬರೆದವರು ಕಾಲೇಜಿನ ಮೊದಲ ದಿನವೇ ಅನಾಟಮಿ ತರಗತಿಯಲ್ಲಿ ಕೇಳುವುದು ತಮ್ಮ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಎಂದೂ ಬಾರದ ಮಾತುಗಳನ್ನು. ಅವು ಹೆಸರಿಗೆ ಇಂಗ್ಲಿಷ್. ಬೇರು ಗ್ರೀಕ್, ಲ್ಯಾಟಿನ್‌ಗಳಲ್ಲಿದೆ. ಈ ಪದಗಳನ್ನು ಯಾರೂ ಪಾಠವಾಗಿ ಕಲಿಸುವುದಿಲ್ಲ, ತಾನಾಗಿ ಬಂದೀತು ಎಂದು ಬಿಟ್ಟುಬಿಡುತ್ತಾರೆ. ನನ್ನ ಬೇಡಿಕೆ ಒಂದೇ: ವೈದ್ಯಕೀಯ ಇಂಗ್ಲಿಷಿನ ಪದಗಳನ್ನು ಮೊದಲ ವರ್ಷದ ಆರಂಭದಲ್ಲೇ, ಕನ್ನಡದ ಮೂಲಕ, ಕ್ರಮವಾದ ಪಾಠವಾಗಿ ಕಲಿಸುವ ವ್ಯವಸ್ಥೆಯನ್ನು ತಾವು ಮಾಡಬೇಕು.

ಈ ಮಕ್ಕಳು ಬರಿಗೈಯಲ್ಲಿ ಬರುವವರಲ್ಲ ಎಂಬುದನ್ನು ಮೊದಲು ನೋಡೋಣ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಅವರು ಹೃದಯದ ಚಿತ್ರ ಬರೆದಿದ್ದಾರೆ, ಮೇಲಿನ ಕೋಣೆಗಳಿಗೆ ಹೃತ್ಕರ್ಣ, ಕೆಳಗಿನವಕ್ಕೆ ಹೃತ್ಕುಕ್ಷಿ ಎಂದು ಹೆಸರು ಗುರುತಿಸಿದ್ದಾರೆ, ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಬಾಯಿಪಾಠ ಒಪ್ಪಿಸಿದ್ದಾರೆ. ಕಾಲೇಜಿನಲ್ಲಿ ಇದೇ ಹೃದಯ ಅವರಿಗೆ ಪರಕೀಯವಾಗಿ ಕಾಣುತ್ತದೆ, ಏಕೆಂದರೆ ಹಳೆಯ ಹೆಸರಿಗೂ ಹೊಸ ಹೆಸರಿಗೂ ನಡುವೆ ದಾರಿ ತೋರಿಸುವವರಿಲ್ಲ. ದಾರಿ ಮಾತ್ರ ಇದ್ದೇ ಇದೆ. ವೆಂಟ್ರಿಕಲ್ ಎಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಹೊಟ್ಟೆ, ಕುಕ್ಷಿ ಎಂದರೂ ಹೊಟ್ಟೆಯೇ. ಹಳೆಯ ಪುಸ್ತಕಗಳು ಮೇಲಿನ ಕೋಣೆಯನ್ನು ಆರಿಕಲ್ ಎನ್ನುತ್ತಿದ್ದವು. ಆರಿಕಲ್ ಎಂದರೆ ಪುಟ್ಟ ಕಿವಿ, ನಮ್ಮ ಕರ್ಣ. ಇಂದಿನ ಪುಸ್ತಕದ ಏಟ್ರಿಯಂ ಹಳೆಯ ರೋಮನ್ ಮನೆಗಳ ನಡುವಿನ ತೆರೆದ ಅಂಗಳದ ಹೆಸರು, ತುಳುನಾಡಿನ ಗುತ್ತಿನ ಮನೆಗಳಲ್ಲಿ ನಾಲ್ಕು ಸುತ್ತಿನ ನಡುವೆ ಇರುತ್ತದಲ್ಲ, ಅಂಥದ್ದು. ಇಷ್ಟು ಹೇಳಲು ಐದು ನಿಮಿಷ ಸಾಕು. ಈ ಐದು ನಿಮಿಷದ ಮಾತು ಸಿಗದ ಹುಡುಗಿ ರಾತ್ರಿಯೆಲ್ಲ ಕೂತು ಸ್ಪೆಲ್ಲಿಂಗ್ ಉರುಹೊಡೆಯುತ್ತಾಳೆ. ತನಗೆ ಗೊತ್ತಿದ್ದ ವಿಜ್ಞಾನವೇ ಗೊತ್ತಿಲ್ಲವೆಂದು ನಂಬಿಬಿಡುತ್ತಾಳೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ವೈದ್ಯಕೀಯ ಪದಗಳು ಸಾವಿರಾರು ಇದ್ದರೂ ಅವು ಕಟ್ಟಿಕೊಂಡಿರುವ ತುಂಡುಗಳು ಕೆಲವೇ ನೂರು. ಐಟಿಸ್ ಎಂದು ಮುಗಿದರೆ ಉರಿಯೂತ: ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲಿನದು, ಗ್ಯಾಸ್ಟ್ರೈಟಿಸ್ ಜಠರದ್ದು. ಟಮಿ ಎಂದರೆ ಕುಯ್ಯುವುದು, ಎಕ್ಟಮಿ ಎಂದರೆ ಕುಯ್ದು ತೆಗೆದುಬಿಡುವುದು, ಸ್ಟಮಿ ಎಂದರೆ ಹೊರಕ್ಕೆ ಬಾಯಿ ಮಾಡಿ ಬಿಡುವುದು. ಕೊಲೆಕ್ಟಮಿ ಆದ ರೋಗಿಯ ದೊಡ್ಡ ಕರುಳಿನ ಭಾಗ ಹೋಗಿದೆ, ಕೊಲೊಸ್ಟಮಿ ಆದವರ ಹೊಟ್ಟೆಯ ಮೇಲೆ ಮಲ ಹೊರಬರುವ ಬಾಯಿ ಇದೆ. ರಾತ್ರಿ ಪಾಳಿಯ ನರ್ಸಿಗೆ ಈ ವ್ಯತ್ಯಾಸ ಕೇಸ್‌ಶೀಟ್ ನೋಡಿದ ಕ್ಷಣವೇ ಹೊಳೆಯಬೇಕು. ನಮ್ಮ ಜಿಲ್ಲೆಯ ಕಾಯಿಲೆಗಳನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಊರುಗಳಲ್ಲಿ ಸಾವುನೋವು ತಂದಿತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದು ಕ್ಯಾಸನೂರು ಹೆಸರಿನಲ್ಲೇ, ವೈರಲ್ ಹೆಮರೇಜಿಕ್ ಜ್ವರಗಳ ಪಟ್ಟಿಯಲ್ಲಿದೆ. ಹೆಮ ಎಂದರೆ ರಕ್ತ, ರೇಜ್ ಎಂದರೆ ಒಡೆದು ಹರಿಯುವುದು. ಇಷ್ಟು ಬಿಡಿಸಿ ಹೇಳಿದರೆ ಬೆಳ್ತಂಗಡಿಯ ವಿದ್ಯಾರ್ಥಿಗೆ ಆ ಪದ ತನ್ನ ಅಜ್ಜಂದಿರು ಕಂಡ ಕಾಯಿಲೆಯ ಲಕ್ಷಣವನ್ನೇ ಹೇಳುತ್ತದೆ. ಮುಂದೆ ಅನೀಮಿಯಾ, ಹಿಮೊಗ್ಲೋಬಿನ್, ಹೆಮಟೂರಿಯಾ ಬಂದಾಗ ಹೆದರಿಕೆ ಇರುವುದಿಲ್ಲ. ಇಲಿಜ್ವರವನ್ನು ಲೆಪ್ಟೊಸ್ಪೈರೋಸಿಸ್ ಎಂದು ಬರೆಯುವಾಗಲೂ ಅಷ್ಟೇ: ತೆಳ್ಳನೆಯ, ಸುರುಳಿ ಸುತ್ತಿದ ಸೂಕ್ಷ್ಮಜೀವಿ ಎಂದು ಹೆಸರೇ ಹೇಳುತ್ತದೆ.

ಅರ್ಧ ಗೊತ್ತಿರುವ ಪದ ಗೊತ್ತೇ ಇಲ್ಲದ ಪದಕ್ಕಿಂತ ಅಪಾಯಕಾರಿ. ನಮ್ಮ ಊರುಗಳಲ್ಲಿ ಎದೆ ಹಿಡಿದುಕೊಂಡರೂ ‘ಗ್ಯಾಸ್ಟ್ರಿಕ್’, ಹೊಟ್ಟೆ ಉಬ್ಬರಿಸಿದರೂ ‘ಗ್ಯಾಸ್ಟ್ರಿಕ್’. ಆ ಒಂದು ಮಾತಿನ ಮರೆಯಲ್ಲಿ ಹೃದಯಾಘಾತದ ಮೊದಲ ಗಂಟೆ ಕಳೆದುಹೋಗುವುದುಂಟು. ಕ್ರಾನಿಕ್ ಎಂದರೆ ಬಹುಕಾಲದ್ದು, ಅಕ್ಯೂಟ್ ಎಂದರೆ ಹಠಾತ್ತನೆ ಬಂದದ್ದು. ಇವೆರಡನ್ನೂ ‘ಜೋರು’ ಎಂದೇ ತಿಳಿದುಕೊಳ್ಳುವವರು ರೋಗಿಗಳಲ್ಲಷ್ಟೇ ಅಲ್ಲ, ಹೊಸ ವಿದ್ಯಾರ್ಥಿಗಳಲ್ಲೂ ಇರುತ್ತಾರೆ. ರಿಪೋರ್ಟ್ ‘ಪಾಸಿಟಿವ್’ ಬಂದಿದೆ ಎಂದರೆ ಒಳ್ಳೆಯ ಸುದ್ದಿ ಎಂದು ಸಮಾಧಾನಪಡುವ ಮನೆಯವರಿದ್ದಾರೆ. ಹೈಪೊಗ್ಲೈಸೀಮಿಯಾಕ್ಕೂ ಹೈಪರ್‌ಗ್ಲೈಸೀಮಿಯಾಕ್ಕೂ ನಡುವೆ ಕಿವಿಗೆ ಕೇಳಿಸುವ ಅಂತರ ಒಂದೇ ಅಕ್ಷರದ್ದು. ಚಿಕಿತ್ಸೆ ಮಾತ್ರ ತದ್ವಿರುದ್ಧ: ಒಂದಕ್ಕೆ ಸಕ್ಕರೆ ಕೊಡಬೇಕು, ಇನ್ನೊಂದಕ್ಕೆ ಇನ್ಸುಲಿನ್ ಬೇಕಾಗಬಹುದು. ಸುಪ್ರೀಂ ಕೋರ್ಟಿನ 2008ರ ತೀರ್ಪೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಲ್ಯಾಪರೊಸ್ಕೋಪಿ ಮಾಡಿ ನೋಡಲು ಒಪ್ಪಿಗೆ ಕೊಟ್ಟಿದ್ದ ಮಹಿಳೆಗೆ ಹಿಸ್ಟರೆಕ್ಟಮಿ ಮಾಡಿಬಿಟ್ಟಿದ್ದರು. ನೋಡುವುದಕ್ಕೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯುವುದಕ್ಕೆ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ಎಷ್ಟೋ ಸಲ ನರ್ಸುಗಳ ಪಾಲಿಗೆ ಬರುತ್ತದೆ. ಸ್ಕೋಪಿ ಎಂದರೇನು, ಎಕ್ಟಮಿ ಎಂದರೇನು ಎಂಬುದನ್ನು ವಿಟ್ಲದ ಹೆಂಗಸಿಗೆ ಅವಳ ಮಾತಿನಲ್ಲೇ ತಿಳಿಸಲಾರದ ನರ್ಸ್, ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದಿದ್ದರೇನು?

ಇಂಗ್ಲಿಷ್ ವಾತಾವರಣದಲ್ಲಿ ಮುಳುಗಿದರೆ ಪದಗಳು ತಾವಾಗಿ ಬರುತ್ತವೆ, ಹಿಂದಿನವರೆಲ್ಲ ಹಾಗೆಯೇ ಕಲಿತರು ಎಂದು ಅಧ್ಯಾಪಕರು ಹೇಳಬಹುದು. ಹಾಗೆ ಕಲಿತು ಹೆಸರಾಂತ ವೈದ್ಯರಾದವರು ನಮ್ಮಲ್ಲಿ ಇದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಅವರು ಕಲಿತದ್ದು ಹೆಚ್ಚು ಹೊತ್ತು ದುಡಿದು. ಪಕ್ಕದ ಬೆಂಚಿನ ಇಂಗ್ಲಿಷ್ ಮಾಧ್ಯಮದ ಸಹಪಾಠಿ ವಿಷಯ ಓದುತ್ತಿದ್ದಾಗ ಇವರು ಪದದ ಅರ್ಥ ಹುಡುಕುತ್ತಿದ್ದರು. ಆ ಹೆಚ್ಚುವರಿ ಭಾರ ಬಡ ಮನೆಯ ಮಕ್ಕಳ ಮೇಲೆಯೇ ಬೀಳುತ್ತದೆ. ಅದೂ ಎಲ್ಲಕ್ಕಿಂತ ಕಷ್ಟದ ಮೊದಲ ವರ್ಷದಲ್ಲಿ. ಇನ್ನು, ಇಂಗ್ಲಿಷ್ ಪಾಠ ಈಗಾಗಲೇ ಇದೆಯಲ್ಲ ಎಂಬ ಮಾತು. ನಿಜ, ಭಾರತೀಯ ನರ್ಸಿಂಗ್ ಕೌನ್ಸಿಲ್‌ 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ ಇದೆ. 2019ರಿಂದ ಎಂಬಿಬಿಎಸ್ ಸೇರಿದವರಿಗೆ ಆರಂಭದಲ್ಲೇ ಫೌಂಡೇಶನ್ ಕೋರ್ಸ್ ನಡೆಯುತ್ತದೆ, ಅದರಲ್ಲಿ ಭಾಷೆಗೂ ಪಾಲು ಇದೆ. ಜಾಗ ಇದೆ ಎಂಬುದಕ್ಕೆ ಇದೇ ಸಾಕ್ಷಿ. ಆ ಗಂಟೆಗಳು ಅರ್ಜಿ ಬರೆಯುವುದು, ಪ್ರಬಂಧ ಬರೆಯುವುದು, ವ್ಯಾಕರಣದ ಖಾಲಿ ಜಾಗ ತುಂಬುವುದು ಇಷ್ಟರಲ್ಲೇ ಮುಗಿಯಬಾರದು. ಅದರ ಅರ್ಧದಷ್ಟನ್ನಾದರೂ ಪದರಚನೆಗೆ ಮೀಸಲಿಟ್ಟರೆ ಉಳಿದ ಎಲ್ಲ ವಿಷಯಗಳ ಓದೂ ಹಗುರವಾಗುತ್ತದೆ. ದೆಹಲಿಯ ಮಂಡಳಿಗಳ ಪಠ್ಯಕ್ರಮವನ್ನು ಮುಟ್ಟಲಾಗದು ಎಂಬ ಉತ್ತರಕ್ಕೆ ಇಲ್ಲಿ ಅವಕಾಶವೇ ಇಲ್ಲ. ವಿಷಯ ಬದಲಿಸಿ ಎಂದು ನಾನು ಕೇಳುತ್ತಿಲ್ಲ, ಕಲಿಸುವ ಬಗೆ ಬದಲಿಸಿ ಎನ್ನುತ್ತಿದ್ದೇನೆ.

ಇನ್ನೊಂದು ದಿಕ್ಕಿನಿಂದ ಬರುವ ಆಕ್ಷೇಪವನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ: ಇಂಗ್ಲಿಷ್ ಪದಗಳಿಗೇಕೆ ಈ ಉಪಚಾರ, ವೈದ್ಯಕೀಯವನ್ನೇ ಕನ್ನಡದಲ್ಲಿ ಕಲಿಸಬಾರದೆ? ಕನ್ನಡಕ್ಕೆ ಆ ಶಕ್ತಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹನ್ನೆರಡನೇ ಶತಮಾನದಲ್ಲೇ ಜಗದ್ದಳ ಸೋಮನಾಥ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ, ಹದಿನಾಲ್ಕನೆಯದರಲ್ಲಿ ಮಂಗರಾಜ ವಿಷವೈದ್ಯದ ಮೇಲೆ ಖಗೇಂದ್ರಮಣಿದರ್ಪಣ ಬರೆದ. ಜಾಫ್ನಾದಲ್ಲಿ ಅಮೆರಿಕನ್ ಮಿಷನಿನ ಡಾ. ಸ್ಯಾಮ್ಯುಯೆಲ್ ಗ್ರೀನ್ 1860ರ ದಶಕದಲ್ಲಿ ತಮಿಳಿನಲ್ಲಿ ವೈದ್ಯಕೀಯ ಕಲಿಸಿದರು, ನಿಜಾಮರ ಕಾಲದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಕಲಿಸಿತು. ಕನ್ನಡದಲ್ಲೂ ಒಂದು ದಿನ ಆಗಲಿ ಎಂದು ಹಾರೈಸುವವನೇ ನಾನು. ಆದರೆ ಔಷಧದ ಚೀಟಿ, ಸಂಶೋಧನಾ ಪತ್ರಿಕೆ, ಯಂತ್ರದ ಪರದೆ, ಗಲ್ಫಿಗೋ ಬ್ರಿಟನ್ನಿಗೋ ಹೋಗುವ ನರ್ಸು ಎದುರಿಸುವ ಪರೀಕ್ಷೆ, ಎಲ್ಲವೂ ಇಂದು ಇಂಗ್ಲಿಷಿನಲ್ಲಿವೆ. ಆ ಬಾಗಿಲು ನಮ್ಮ ಮಕ್ಕಳಿಗೆ ಮುಚ್ಚಬಾರದು. ಮಧ್ಯಪ್ರದೇಶ 2022ರ ಅಕ್ಟೋಬರಿನಲ್ಲಿ ಎಂಬಿಬಿಎಸ್ ಮೊದಲ ವರ್ಷದ ಹಿಂದಿ ಪುಸ್ತಕಗಳನ್ನು ತಂದಾಗ ಇಂಗ್ಲಿಷ್ ಪದಗಳನ್ನೇ ನಾಗರಿ ಲಿಪಿಯಲ್ಲಿ ಉಳಿಸಿಕೊಂಡಿತು. ಅದರ ಉದ್ದೇಶವನ್ನು ಮೆಚ್ಚುತ್ತೇನೆ, ಆದರೆ ಲಿಪಿ ಬದಲಿಸಿದ ಮಾತ್ರಕ್ಕೆ ಪದ ಅರ್ಥವಾಗುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗವೂ ಇಲಿಯಮ್, ಸೊಂಟದ ಮೂಳೆಯೂ ಇಲಿಯಮ್. ಇಂಗ್ಲಿಷಿನ ಸ್ಪೆಲ್ಲಿಂಗಿನಲ್ಲಿ ಒಂದಕ್ಷರದ ವ್ಯತ್ಯಾಸವಿದೆ, ನಮ್ಮ ಲಿಪಿಯಲ್ಲಿ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ಪದವನ್ನು ಇಂಗ್ಲಿಷಿನಲ್ಲೇ ಬರೆಯಲು ಕಲಿಸಬೇಕು, ಅದರ ಒಳಗನ್ನು ಕನ್ನಡದಲ್ಲಿ ಬಿಡಿಸಬೇಕು. ಮೂಡುಬಿದಿರೆಯ ಬಸದಿಯಲ್ಲಿ ಉಳಿದು ಬಂದ ಧವಲಾ ಗ್ರಂಥಗಳ ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಬೇರೆ ಭಾಷೆಯ ವಿದ್ಯೆಯನ್ನು ನಮ್ಮದರ ಆಸರೆಯಲ್ಲಿ ಹಿಡಿದಿಡುವುದು ಈ ನೆಲಕ್ಕೆ ಹೊಸತಲ್ಲ.

ಮಂಗಳೂರಿನ ಸುತ್ತಲಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ, ಕನ್ನಡದಲ್ಲಿ ಹೇಳಿಕೊಟ್ಟರೆ ಅವರ ಗತಿಯೇನು ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಬರಲೂಬೇಕು. ಈ ಪಾಠಕ್ಕೆಂದು ಒಂದು ಪದಗಳ ಪುಸ್ತಿಕೆ ಬೇಕಾಗುತ್ತದೆ, ಅವರಿಗೆ ಅದನ್ನೇ ಹಿಂದುಮುಂದಾಗಿ ಓದಿಸಿ ಎನ್ನುತ್ತೇನೆ. ನಮ್ಮ ಮಕ್ಕಳು ಕನ್ನಡದಿಂದ ಇಂಗ್ಲಿಷ್ ಪದಕ್ಕೆ ಹೋದರೆ, ಅವರು ಇಂಗ್ಲಿಷ್ ಪದದಿಂದ ರೋಗಿಯ ಮಾತಿಗೆ ಬರಲಿ. ಬಂಟ್ವಾಳದ ತಾಲೂಕು ಆಸ್ಪತ್ರೆಗೆ ಬರುವ ಅಜ್ಜಿ ‘ತರೆಬೇನೆ’, ‘ಬಂಜಿಬೇನೆ’ ಎನ್ನುತ್ತಾಳೆಯೇ ಹೊರತು ಹೆಡೇಕ್ ಎನ್ನುವುದಿಲ್ಲ, ಶಿರೋವೇದನೆ ಎಂದೂ ಅನ್ನುವುದಿಲ್ಲ. ಪುಸ್ತಕದ ಕನ್ನಡವೂ ಸಂಸ್ಕೃತ ತುಂಬಿಕೊಂಡು ಕಷ್ಟವೇ ಎಂದು ದೂರುವವರಿಗೂ ಇಲ್ಲಿ ಉತ್ತರವಿದೆ. ಒಂದೊಂದು ಇಂಗ್ಲಿಷ್ ಪದದ ಎದುರು ಶಾಲೆಯ ಪುಸ್ತಕದ ಕನ್ನಡ ಪದವೂ ಇರಲಿ, ಮನೆಯಲ್ಲಿ ಆಡುವ ಕನ್ನಡವೂ ಇರಲಿ, ನಮ್ಮ ಜಿಲ್ಲೆಗಾದರೆ ತುಳುವೂ ಇರಲಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟು ಹೊರತಂದಿದೆ, ತುಳು ಪದಗಳಿಗೆ ತಡಕಾಡಬೇಕಾಗಿಲ್ಲ. ಕನ್ನಡದ ಕಡೆಯಲ್ಲೂ ಕೆಲಸ ಸೊನ್ನೆಯಿಂದ ಶುರುವಾಗಬೇಕಿಲ್ಲ. ಡಾ. ಡಿ.ಎಸ್. ಶಿವಪ್ಪ ಅವರು ವೈದ್ಯಕೀಯ ಪದಗಳ ಹುಟ್ಟು, ರಚನೆಯನ್ನೇ ವಿಷಯವಾಗಿಟ್ಟುಕೊಂಡು ಕನ್ನಡದಲ್ಲಿ ದುಡಿದಿದ್ದಾರೆ, ಕಲಬುರಗಿಯ ಡಾ. ಪಿ.ಎಸ್. ಶಂಕರ್ ದಶಕಗಳಿಂದ ವೈದ್ಯಕೀಯವನ್ನು ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಈ ದುಡಿಮೆ ಪುಸ್ತಕದ ಕಪಾಟಿನಲ್ಲಿ ಕೂತಿದೆ, ಮೊದಲ ವರ್ಷದ ತರಗತಿಗೆ ಇನ್ನೂ ಕಾಲಿಟ್ಟಿಲ್ಲ.

ಕುಲಪತಿಗಳೇ, ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಅನಾಟಮಿ, ಫಿಸಿಯಾಲಜಿ, ನರ್ಸಿಂಗ್ ಫೌಂಡೇಶನ್ ಕಲಿಸುವ ಕನ್ನಡ ಬಲ್ಲ ಅಧ್ಯಾಪಕರನ್ನೂ, ಒಬ್ಬಿಬ್ಬರು ಭಾಷಾತಜ್ಞರನ್ನೂ, ವಾರ್ಡಿನಲ್ಲಿ ಕೆಲಸ ಮಾಡಿ ಪಳಗಿದ ಹಿರಿಯ ನರ್ಸುಗಳನ್ನೂ ಒಂದು ಸಮಿತಿಯಾಗಿ ಕೂರಿಸಿ ಮುನ್ನೂರು ನಾನೂರು ಪದಾಂಶಗಳ ಪುಸ್ತಿಕೆಯೊಂದನ್ನು ಸಿದ್ಧಪಡಿಸಿಕೊಡಿ. ಅದನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಇಡಿ. ವರ್ಷದ ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಇದಕ್ಕೇ ಮೀಸಲಿಡಿ: ವಿದ್ಯಾರ್ಥಿ ಒಂದು ಡಿಸ್ಚಾರ್ಜ್ ಸಮರಿಯನ್ನು ಓದಿ, ರೋಗಿಯ ಮನೆಯವರಿಗೆ ಹೇಳುವಂತೆ ಹೇಳಲಿ. ಪರೀಕ್ಷೆಯಲ್ಲಿ ಬಾರದ್ದನ್ನು ನಮ್ಮ ಕಾಲೇಜುಗಳು ಕಲಿಸುವುದಿಲ್ಲ ಎಂಬುದು ತಮಗೂ ಗೊತ್ತು. ರಾಜ್ಯದಾದ್ಯಂತ ಒಮ್ಮೆಲೇ ಆಗದಿದ್ದರೆ ದಕ್ಷಿಣ ಕನ್ನಡದ ಸಂಯೋಜಿತ ಕಾಲೇಜುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಮುಗಿಯುವ ಮೊದಲೇ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬಂಟ್ವಾಳ ತಾಲೂಕಿನ ಒಬ್ಬ ನಾಗರಿಕ