ಡೀಸೆಲ್ ಬಂಡಿಯೂ ಅಳತೆಯ ಮುಳ್ಳುಗಳೂ

ಈ ಅಂಕಣದಲ್ಲಿ ನಾವು ಮನೆವಾರ್ತೆಯನ್ನೂ ಮಕ್ಕಳ ವಿದ್ಯಾಭ್ಯಾಸವನ್ನೂ ಕುರಿತು ಬರೆಯುತ್ತ ಬಂದಿರುವೆವು. ಈ ತಿಂಗಳು ಮೋಟಾರು ಬಂಡಿಯ ವಿಚಾರವನ್ನೆತ್ತಿದುದಕ್ಕೆ ವಾಚಕ ಮಹಾಶಯರು ಆಶ್ಚರ್ಯಪಡಬಹುದು. ಮೂವತ್ತೈದು ವರ್ಷ ಸಂಸ್ಕೃತಪಾಠ ಹೇಳಿದವರಿಗೆ ಡೀಸೆಲಿನ ಗೊಡವೆಯೇಕೆಂದರೆ, ಕಾರಣವಿಷ್ಟೆ: ಕಳೆದ ಬೇಸಗೆಯಲ್ಲಿ ಮಗಳ ಮನೆಯಲ್ಲಿದ್ದಾಗ ನಾವಾಡಿದ ಒಂದು ಮಾತಿನಿಂದ ಒಳ್ಳೆಯ ಯಂತ್ರವೊಂದು ಹಾಳಾಗುವುದರಲ್ಲಿತ್ತು. ಆ ತಪ್ಪಿನಿಂದ ಕಲಿತುದನ್ನು ನಾಲ್ವರಿಗೆ ಹೇಳದಿರುವುದು ಉಪಾಧ್ಯಾಯ ವೃತ್ತಿಗೆ ಒಪ್ಪತಕ್ಕುದಲ್ಲ.

ಮಗಳೂ ಅಳಿಯಂದಿರೂ ಅಮೆರಿಕದ ಕೊಲೊರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿರುವರು. ತರಕಾರಿಯನ್ನೂ ಹಾಲಿನ ಕ್ಯಾನುಗಳನ್ನೂ ಸಾಗಿಸುವ ಪಿಕಪ್ ಬಂಡಿಯನ್ನು ನಮ್ಮಲ್ಲಿ ಕಾಣದವರಿಲ್ಲ. ಅಲ್ಲಿಯ ಪಿಕಪ್ ಇದಕ್ಕೆ ಅಣ್ಣನಂತಿರುವುದು. ಗೃಹಸ್ಥರೂ ಅದನ್ನು ಮನೆಯ ಬಂಡಿಯಾಗಿ ಇಟ್ಟುಕೊಂಡು, ಹಿಂದೆ ಟ್ರೈಲರನ್ನು ಕಟ್ಟಿ ಪ್ರವಾಸ ಹೋಗುವರು. ಅಳಿಯಂದಿರು ಕೊಂಡಿದ್ದುದು ಇಪ್ಪತ್ತು ವರ್ಷಕ್ಕೂ ಹಳೆಯದಾದ, ಟರ್ಬೊ ಉಳ್ಳ ಡೀಸೆಲ್ ಪಿಕಪ್. ಅದರ ಹಿಂದೆ ಹಾಸಿಗೆ, ಒಲೆ ಎಲ್ಲವೂ ಇದ್ದ ಚಕ್ರದ ಮನೆ.

ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ 70ನೆಯ ಸಂಖ್ಯೆಯ ಹೆದ್ದಾರಿಯು ರಾಕಿ ಪರ್ವತಗಳನ್ನೇರಿ ಐಸೆನ್‌ಹೋವರ್ ಸುರಂಗವನ್ನು ಹೊಗುವುದು. 1973ರಲ್ಲಿ ತೆರೆದ ಈ ಸುರಂಗವು ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವುದು. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿಯೆಂಬುದನ್ನು ನೆನೆದರೆ ಆ ಏರಿನ ಕಲ್ಪನೆಯಾದೀತು. ಅಲ್ಲಿ ಗಾಳಿಯು ತೆಳುವಾಗಿ, ಮನುಷ್ಯನಿಗೂ ಇಂಜಿನಿಗೂ ಉಸಿರು ಕಟ್ಟುವುದು.

ಏರಿನ ನಡುವೆ ಅಳಿಯಂದಿರು, "ಮಾವನವರೇ, ಬಂಡಿ ಎಂದಿನಂತೆ ಎಳೆಯುತ್ತಿಲ್ಲ, ನಿಲ್ಲಿಸಲೇ?" ಎಂದರು. ನಾವು ಬಗ್ಗಿ ನೋಡಿದೆವು. ಎದುರಿನ ಹಲಗೆಯಲ್ಲಿ ಉಷ್ಣದ ಮುಳ್ಳು ನಟ್ಟನಡುವೆ ನಿಂತಿತ್ತು. "ಮುಳ್ಳು ನಡುವೆಯೇ ಇದೆಯಲ್ಲ, ಭಯವೇಕೆ? ಸಾಗಲಿ ಬಿಡಿ" ಎಂದೆವು. ಹಿಂದಿನ ಆಸನದಿಂದ ಮೊಮ್ಮಗಳು, "ತಾತ, ಹಿಂದೆಲ್ಲ ಕರೀ ಹೊಗೆ!" ಎಂದು ಕೂಗಿದ ಮೇಲೆಯೇ ಬಂಡಿ ನಿಂತುದು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಅದನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದ ನಾವು ಪರ್ವತದ ಮೇಲೆಯೇ ಮರೆತುಬಿಟ್ಟೆವು!

ಬಂಡಿಯನ್ನು ನೋಡಿದ ಮೆಕ್ಯಾನಿಕನು ತೋರಿಸಿದ ದೋಷ ಬಲು ಚಿಕ್ಕದು. ಟರ್ಬೊ ಎಂಬುದು ಇಂಜಿನಿನ ಹೊಗೆಯ ರಭಸದಿಂದಲೇ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಚಕ್ರ. ಆ ಗಾಳಿ ಬರುವ ರಬ್ಬರು ಕೊಳವೆಯ ಬಿಗಿಪಟ್ಟಿ ಸಡಿಲವಾಗಿ, ಗಾಳಿಯು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಗಾಳಿ ಕಡಮೆ, ಎಣ್ಣೆ ಮಾತ್ರ ಮೊದಲಿನಷ್ಟೆ. ಡೀಸೆಲ್ ಇಂಜಿನಿನಲ್ಲಿ ಇದರ ಫಲವು ಕರೀ ಹೊಗೆ ಮತ್ತು ವಿಪರೀತ ಉಷ್ಣ. ಇನ್ನೆರಡು ಮೈಲಿ ಹಾಗೆಯೇ ಎಳೆದಿದ್ದರೆ ಪಿಸ್ಟನ್ನಿಗೇ ಅಪಾಯವಿತ್ತೆಂದು ಆತನು ಹೇಳಿದನು.

ಹಾಗಾದರೆ ಮುಳ್ಳು ಸುಮ್ಮನಿದ್ದುದೇಕೆ? ಅದು ಅಳೆಯುತ್ತಿದ್ದುದು ಇಂಜಿನಿನ ನೀರಿನ ಉಷ್ಣವನ್ನು; ಕಾದಿದ್ದುದು ಹೊಗೆಯ ದಾರಿ. ಕೇಳದ ಪ್ರಶ್ನೆಗೆ ಅದು ಉತ್ತರವನ್ನೆಂತು ಕೊಟ್ಟೀತು? ಇದಲ್ಲದೆ, ಒಡೆಯನು ವೃಥಾ ಗಾಬರಿಯಾಗದಿರಲೆಂದು, ನೀರಿನ ಉಷ್ಣವು ತಕ್ಕಮಟ್ಟಿಗೆ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಅನೇಕ ಬಂಡಿಗಳಲ್ಲಿ ತಯಾರಕರೇ ಏರ್ಪಡಿಸಿರುವರು. ಯಜಮಾನನಿಗೆ ಹಿತವಾದುದನ್ನೇ ಹೇಳುವ ಸೇವಕನ ಮಾತನ್ನು ನಾವು ಪ್ರಮಾಣವೆಂದು ನಂಬಿದೆವು.

ಅಳಿಯಂದಿರು ಬೇರೆ ಮಾಪಕಗಳನ್ನು ಕೊಂಡು ಜೋಡಿಸಬೇಕೆಂದು ನಿಶ್ಚಯಿಸಿದರು. ಅಂಗಡಿಯ ಪಟ್ಟಿಯಲ್ಲಿ ಇಂತಹ ಗೇಜುಗಳು ಹತ್ತಾರು ಬಗೆ. ನಾವು ಹೇಳಿದುದಿಷ್ಟೆ: "ಒಂದೊಂದೂ ಯಾವ ಪ್ರಶ್ನೆಗೆ ಉತ್ತರ ಕೊಡುವುದೋ ಬರೆಯಿರಿ. ಆ ಉತ್ತರವನ್ನು ಕೇಳಿ ನೀವು ಮಾಡತಕ್ಕುದು ಏನೂ ಇಲ್ಲದಿದ್ದರೆ ಆ ಗೇಜು ಬೇಡ." ಹೀಗೆ ಸೋಸಿದ ಮೇಲೆ ನಾಲ್ಕು ಉಳಿದವು.

ಮೊದಲನೆಯದು ಹೊಗೆಯ ಉಷ್ಣಮಾಪಕ. ಭಾರವೆಳೆಯುವ ಡೀಸೆಲ್ ಬಂಡಿಗೆ ಇದೇ ಮುಖ್ಯವಾದುದು. ಟರ್ಬೊವಿಗೆ ಮುಂಚೆ ಅಳೆದ ಉಷ್ಣವು ಬಹಳ ಹೊತ್ತು 1,250 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ಸುಮಾರು 677 ಡಿಗ್ರಿ ಸೆಲ್ಸಿಯಸನ್ನು, ಮೀರಬಾರದೆಂದು ಅನುಭವಿಗಳು ಹೇಳುವರು. ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿ ಸೆಲ್ಸಿಯಸಿನಲ್ಲಿ. ಪಿಸ್ಟನ್ನುಗಳು ಸಾಮಾನ್ಯವಾಗಿ ಅದರವೇ. ಒಳಬರುವ ತಣ್ಣನೆಯ ಗಾಳಿಯೂ ಕೆಳಗಿನ ಎಣ್ಣೆಯೂ ಅವನ್ನು ಕಾಯುತ್ತಿರುವುದರಿಂದ ಒಡನೆಯೇ ಕರಗಲಾರವು. ಆದರೆ ಆ ರಕ್ಷಣೆಗೂ ಒಂದು ಮಿತಿಯುಂಟು. ಏರನ್ನು ಹತ್ತಿ ಬಂದೊಡನೆ ಇಂಜಿನನ್ನು ಆರಿಸದೆ, ಈ ಮುಳ್ಳು ಸುಮಾರು 300 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯುವವರೆಗೂ ಕಾಯಬೇಕು. ಇಲ್ಲವಾದರೆ ಟರ್ಬೊವಿನೊಳಗೆ ನಿಂತ ಎಣ್ಣೆ ಸುಟ್ಟು ಕರಿಕಟ್ಟುವುದು.

ಎರಡನೆಯದು ಟರ್ಬೊವಿನ ಗಾಳಿಯ ಒತ್ತಡಮಾಪಕ. ಅಳಿಯಂದಿರ ಬಂಡಿಯಲ್ಲಿ ಪೂರ್ಣಭಾರಕ್ಕೆ ಚದರ ಅಂಗುಲಕ್ಕೆ 20 ಪೌಂಡಿನ ಆಸುಪಾಸು ಇರತಕ್ಕುದು. ಉಷ್ಣವೇರಿ ಒತ್ತಡವಿಳಿದರೆ ಗಾಳಿ ಸೋರುತ್ತಿದೆಯೆಂದು ಶಂಕಿಸಬೇಕು. ಅಂದು ಈ ಎರಡು ಮುಳ್ಳುಗಳಿದ್ದಿದ್ದರೆ ಹೊಗೆ ಕಾಣುವುದಕ್ಕೆ ಮೊದಲೇ ನಮಗೆ ಬುದ್ಧಿ ಬರುತ್ತಿತ್ತು.

ಮೂರನೆಯದು, ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯ ಎಣ್ಣೆಯ ಉಷ್ಣಮಾಪಕ. ಸುಮಾರು 175 ಡಿಗ್ರಿ ಫ್ಯಾರನ್‌ಹೀಟಿನಲ್ಲಿರಬೇಕಾದ ಎಣ್ಣೆಯು 220ನ್ನು ದಾಟಿದರೆ, ಕೆಳಗಿನ ಗೇರಿಗೆ ಬರಬೇಕು, ಇಲ್ಲವೇ ನಿಲ್ಲಿಸಿ ತಣಿಸಬೇಕು. ನಾಲ್ಕನೆಯದು ಡೀಸೆಲಿನ ಒತ್ತಡಮಾಪಕ. ಕೆಲವು ಹಳೆಯ ಇಂಜಿನುಗಳ ದೊಡ್ಡ ಪಂಪು ತನ್ನಲ್ಲಿ ಹರಿಯುವ ಡೀಸೆಲಿನಿಂದಲೇ ತಂಪನ್ನೂ ಜಾರಿಕೆಯನ್ನೂ ಪಡೆಯುವುದು. ತೊಟ್ಟಿಯಿಂದೆತ್ತಿ ಕೊಡುವ ಅಗ್ಗದ ಪಂಪು ಸೊರಗಿದರೆ ಬೆಲೆಬಾಳುವ ಪಂಪು ಸದ್ದಿಲ್ಲದೆ ಸಾಯುವುದು.

ಕೊಳ್ಳುವಾಗ ಗಮನಿಸತಕ್ಕ ಇನ್ನೊಂದು ವಿಷಯವುಂಟು. ಎಂದಿನ ಅಳತೆಯು ಮುಖಬಿಲ್ಲೆಯ ನಡುಭಾಗದಲ್ಲಿ ಬರುವಂತಿರಬೇಕು. 20 ಪೌಂಡಿನ ಬಂಡಿಗೆ 35ರವರೆಗಿನ ಮಾಪಕ ಸಾಕು. 100ರದನ್ನು ಕೊಂಡರೆ ಮೂರು ನಾಲ್ಕು ಪೌಂಡಿನ ಇಳಿತವು ಕಣ್ಣಿಗೇ ಬೀಳದು.

ಜೋಡಿಸುವ ಕೆಲಸಕ್ಕೆ ಎರಡು ಶನಿವಾರಗಳು ಹಿಡಿದವು. ನಮ್ಮ ಪಾಲಿನ ಉದ್ಯೋಗ ದೀಪ ಹಿಡಿಯುವುದು. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿದರು. ಹೊಗೆಯ ಉಷ್ಣವನ್ನಳೆಯುವ ಕಡ್ಡಿಗಾಗಿ, ಇಂಜಿನಿನಿಂದ ಹೊಗೆಯನ್ನು ಕೂಡಿಸಿ ತರುವ ಬೀಡಿನ ಕೊಳವೆಗೆ ತೂತು ಕೊರೆದು ಮರೆ ಕಡೆಯಬೇಕು. ಟರ್ಬೊವಿನ ಹಿಂದೆ ಇರಿಸಿದರೆ ಭಾರದಲ್ಲಿ 200, 300 ಡಿಗ್ರಿ ಕಡಮೆ ತೋರಿ ಮೋಸವಾಗುವುದು. ಕೊರೆದ ಲೋಹದ ಚೂರು ಒಳಗೆ ಬಿದ್ದರೆ ಟರ್ಬೊವಿನ ರೆಕ್ಕೆಗಳು ಕೆಡುವುವು. ಆದುದರಿಂದ ಬೈರಿಗೆಗೆ ಗ್ರೀಸನ್ನು ಮೆತ್ತಿ, ಮೆಲ್ಲಮೆಲ್ಲನೆ ಕೊರೆದು, ಅಯಸ್ಕಾಂತದಿಂದ ಚೂರುಗಳನ್ನು ತೆಗೆದರು. ಆ ಕಡ್ಡಿಯ ತತ್ತ್ವ ಸೊಗಸಾದುದು: ಎರಡು ಬೇರೆ ಲೋಹಗಳ ಸಂಧಿಯನ್ನು ಕಾಯಿಸಿದರೆ ಅಲ್ಪ ವಿದ್ಯುತ್ತು ಹುಟ್ಟುವುದು. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡ ಧರ್ಮವೇ ಇಂದು ಆ ಮುಳ್ಳನ್ನು ಆಡಿಸುತ್ತಿರುವುದು.

ಡೀಸೆಲಿನ ಕೊಳವೆಯನ್ನು ಮಾತ್ರ ಎಂದಿಗೂ ಜನರು ಕೂರುವ ಕೋಣೆಯೊಳಕ್ಕೆ ತರಕೂಡದು. ಒಡೆದರೆ ಬೆಂಕಿಯ ಭಯ. ಒತ್ತಡವನ್ನು ಹೊರಗೇ ಅಳೆದು ತಂತಿಯ ಮೂಲಕ ಸುದ್ದಿ ಕಳುಹಿಸುವ ಬಗೆಯನ್ನು ಆರಿಸಬೇಕು. ತಂತಿಗಳು ತಗಡಿನ ಗೋಡೆಯನ್ನು ತೂರುವ ಕಡೆ ರಬ್ಬರಿನ ಬಳೆ ಹಾಕಬೇಕು. ಪ್ರತ್ಯೇಕ ಫ್ಯೂಸು ಇರಬೇಕು. ಮಾಪಕಗಳನ್ನು ಮುಂಗಾಜಿನ ಪಕ್ಕದ ಕಂಬಕ್ಕೆ ಕೂಡಿಸುವುದು ಅಲ್ಲಿಯ ವಾಡಿಕೆ. ಆದರೆ ಹೊಸ ಬಂಡಿಗಳಲ್ಲಿ ಆ ಕಂಬದೊಳಗೆ ಅಪಘಾತಕಾಲದ ಗಾಳಿಚೀಲವಿರುವುದುಂಟು. ಅಂತಹ ಕಡೆ ಕೈಹಾಕದೆ ಬೇರೆ ಸ್ಥಳವನ್ನು ನೋಡಬೇಕು.

ಎರಡನೆಯ ಬಾರಿ ಅದೇ ಏರನ್ನು ಹತ್ತಿದೆವು. ಮೊಮ್ಮಗಳು ಅಂಕಿಗಳನ್ನು ಓದಿ ಹೇಳುತ್ತಿದ್ದಳು, ನಾವು ಬರೆದುಕೊಳ್ಳುತ್ತಿದ್ದೆವು. 1,200 ಬರುತ್ತಲೇ ಅಳಿಯಂದಿರು ಕಾಲನ್ನು ಸಡಿಲಿಸಿ ಗೇರನ್ನಿಳಿಸಿದರು. ವೇಗ ಕುಗ್ಗಿತು; ಬಂಡಿಗಳು ಒಂದಾದ ಮೇಲೊಂದು ನಮ್ಮನ್ನು ಹಿಂದೆ ಹಾಕಿ ಹೋದವು. "ಇನ್ನೂ 50 ಡಿಗ್ರಿ ಅವಕಾಶವಿದೆಯಲ್ಲ" ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತೆಂಬುದನ್ನು ಮುಚ್ಚಿಡಲಾರೆವು. ಈ ಬಾರಿ ಅದನ್ನು ನುಂಗಿಕೊಂಡೆವು. ಮುಳ್ಳು 1,100ಕ್ಕೆ ಇಳಿದು ನಿಂತಿತು. ನಿಧಾನವಾಗಿಯಾದರೂ ಸುರಂಗವನ್ನು ಸೇರಿದೆವು.

ಮಾಪಕವು ಯಂತ್ರವನ್ನು ಕಾಯುವುದೆಂದು ತಿಳಿಯುವುದು ಭ್ರಮೆ; ಅದು ಹೇಳಬಲ್ಲುದು, ಕಾಲನ್ನೆತ್ತಬೇಕಾದವನು ಮನುಷ್ಯನೇ. ನಮ್ಮ ಘಟ್ಟಗಳಲ್ಲಿ ಭಾರದ ಬಂಡಿ ನಡೆಸುವವರಿಗೂ ನಾವು ಹೇಳುವುದು ಇದನ್ನೆ. ಬಂಡಿ ಸುಸ್ಥಿತಿಯಲ್ಲಿರುವಾಗ ಅದರ ಮುಳ್ಳುಗಳು ಎಲ್ಲಿ ನಿಲ್ಲುವುವೆಂದು ಗುರುತು ಹಾಕಿಕೊಳ್ಳಿ. ಯಾವ ಮುಳ್ಳು ಯಾವುದನ್ನು ಅಳೆಯುವುದೆಂದು ಕೇಳಿ ತಿಳಿಯಿರಿ. ಚಾಲಕನು "ಎಂದಿನಂತಿಲ್ಲ" ಎಂದಾಗ, ಪಕ್ಕದಲ್ಲಿ ಕುಳಿತವರು ಎಷ್ಟೇ ಹಿರಿಯರಾಗಿರಲಿ, "ಸಾಗಲಿ ಬಿಡಿ" ಎನ್ನದಿರಲಿ.