ಹೊಗಳಿಕೆಯಿಲ್ಲದ ನಾಡಿಗೆ ಮಕ್ಕಳನ್ನು ಕಳುಹಿಸುವ ಮುನ್ನ

ಮಗನನ್ನೋ ಮಗಳನ್ನೋ ಜಪಾನಿಗೆ ಕಳುಹಿಸಬಯಸುವ ತಂದೆತಾಯಂದಿರು ನನ್ನನ್ನು ಕೇಳುವುದು ಭಾಷೆ, ಸಂಬಳ, ಸಸ್ಯಾಹಾರಗಳ ಕುರಿತು. ಮಕ್ಕಳು ಎಂತಹ ಮನೆಯಲ್ಲಿ ಬೆಳೆದರೆಂಬುದು ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ.

ನಿಪ್ಪಾನ್ ಫೌಂಡೇಷನ್ 2019ರಲ್ಲಿ ಒಂಬತ್ತು ದೇಶಗಳ 17ರಿಂದ 19 ವಯಸ್ಸಿನವರನ್ನು, ದೇಶವನ್ನೋ ಸಮಾಜವನ್ನೋ ನೀವು ಬದಲಿಸಬಲ್ಲಿರಾ ಎಂದು ಕೇಳಿತು. ಬಲ್ಲೆವೆಂದವರು ಭಾರತದಲ್ಲಿ ಶೇ 83, ಜಪಾನಿನಲ್ಲಿ ಶೇ 18. ಅದರ ಹಿಂದಿನ ವರ್ಷ ಜಪಾನ್ ಸರ್ಕಾರವೇ ಏಳು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಮ್ಮ ಬಗ್ಗೆ ತಮಗೆ ತೃಪ್ತಿಯಿದೆಯೆಂದ ಜಪಾನೀ ಯುವಜನರು ಶೇ 45. ಅಮೆರಿಕನ್ನರು ಶೇ 87. ಇದನ್ನೋದಿ ನಮ್ಮವರು ಬೀಗುವುದುಂಟು. ಬೀಗುವ ಮೊದಲು ಇಲ್ಲಿನ ಪ್ರಾಥಮಿಕ ಶಾಲೆಯೊಂದನ್ನು ನೋಡಬೇಕು. ಮಕ್ಕಳು ಸರದಿಯ ಮೇಲೆ ಸಹಪಾಠಿಗಳಿಗೆ ಊಟ ಬಡಿಸುತ್ತಾರೆ, ತರಗತಿಯ ನೆಲ ಒರೆಸುತ್ತಾರೆ. ತನ್ನನ್ನು ತಾನೇ ಮೆಚ್ಚಿಕೊಳ್ಳುವುದು ಇಲ್ಲಿ ಸಭ್ಯತೆಯೆನಿಸದು. ಆ ಅಂಕಿಗಳಲ್ಲಿ ಕೀಳರಿಮೆಯೆಷ್ಟು, ವಿನಯವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ನಮ್ಮಲ್ಲೂ ಇಂತಹ ನೆಲೆಗಳಿವೆ: ಕೂಡುಕುಟುಂಬಗಳು, ತುಮಕೂರಿನ ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯ. ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುವಲ್ಲಿ ಯಾರೂ ವಿಶೇಷರಲ್ಲ, ಯಾರೂ ಬೇಡವಾದವರೂ ಅಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂಟಿ ಮಗುವಿಗೆ ಸ್ವಂತ ಕೋಣೆ, ಕೋಚಿಂಗ್, ಚಪ್ಪಾಳೆ ಎಲ್ಲವೂ ದೊರೆಯುತ್ತವೆ. ಮನೆಗೆ ತನ್ನಿಂದಲೂ ಏನೋ ಆಗಬೇಕಿದೆಯೆಂಬ ಅರಿವು ಮಾತ್ರ ಅನೇಕರಿಗೆ ದೊರೆಯುವುದಿಲ್ಲ.

ಇಲ್ಲಿಗೆ ಬರುವ ಕನ್ನಡದ ತರುಣರಲ್ಲಿ ಎರಡೂ ಬಗೆಯವರನ್ನು ಕಂಡಿದ್ದೇನೆ. ನಗರದಲ್ಲಿ ಬೆಳೆದವರು ಸಂದರ್ಶನದಲ್ಲಿ ಗೆಲ್ಲುತ್ತಾರೆ; ಯಾರೂ 'ಭೇಷ್' ಎನ್ನದ ಕಚೇರಿಯಲ್ಲಿ ಒಂದೇ ವರ್ಷಕ್ಕೆ ಕುಗ್ಗುತ್ತಾರೆ. ಹಾಸ್ಟೆಲಿನಲ್ಲಿ ಬೆಳೆದವರು ಹೊಗಳಿಕೆಯನ್ನು ನಿರೀಕ್ಷಿಸಿಯೇ ಇರುವುದಿಲ್ಲ, ಹೀಗಾಗಿ ನಿಲ್ಲುತ್ತಾರೆ. ಅವರ ತೊಡಕೆಂದರೆ ಬಡ್ತಿ ಕೇಳಲು ಬಾಯಿ ಬಾರದು.

ಹಾಗೆಂದು ಸಮೂಹಜೀವನ ಅಮೃತವೇನಲ್ಲ. ಹಿಂದಿನ ವಾರಾನ್ನದ ಮನೆಗಳೂ ಜಾತಿ ನೋಡಿಯೇ ಬಡಿಸುತ್ತಿದ್ದವು. ಜಪಾನಿನಲ್ಲಿ ಗುಂಪಿಗೆ ಹೊಂದದವರ ಪಾಡು ಕಠಿಣ: ಮನೆಯೊಳಗೇ ಉಳಿದು ಸಮಾಜದಿಂದ ದೂರ ಸರಿದ 'ಹಿಕಿಕೊಮೊರಿ'ಗಳು 15ರಿಂದ 64ರ ವಯೋಮಾನದಲ್ಲಿ ಸುಮಾರು 14.6 ಲಕ್ಷವೆಂದು 2023ರ ಸರ್ಕಾರಿ ಅಂದಾಜು. ಅವರೆಲ್ಲರ ಕಾರಣವೂ ಒಂದೇ ಅಲ್ಲ. ಆದರೆ ಕೆಲಸ ಬಿಟ್ಟ ಒಂಟಿ ವಲಸಿಗನಿಗೆ ಆ ಕೋಣೆ ಬಹು ಹತ್ತಿರದಲ್ಲಿದೆ.

ಆದ್ದರಿಂದ ಜಪಾನೀ ಭಾಷೆಯ ತರಗತಿಗೆ ಸೇರಿಸುವ ದಿನವೇ ಮನೆಯ ಒಂದು ಹೊಣೆಯನ್ನೂ ಮಕ್ಕಳಿಗೆ ಪೂರ್ತಿಯಾಗಿ ಒಪ್ಪಿಸಿರಿ. ಅಜ್ಜಿಯ ಔಷಧವಾಗಲಿ, ರಾತ್ರಿಯ ಅಡುಗೆಯಾಗಲಿ. ಮಾಡಿದ್ದಕ್ಕೆ ಪ್ರತಿದಿನ ಹೊಗಳಬೇಡಿರಿ, ತಪ್ಪಿದ ದಿನ ನೀವೇ ಎದ್ದು ಮಾಡಲೂಬೇಡಿರಿ. ಹಾಸ್ಟೆಲಿನಿಂದ ಬರುವವರಿಗಾದರೆ, ತಾವು ಮಾಡಿದ ಕೆಲಸವನ್ನು ಹಿರಿಯರೆದುರು ತಲೆಯೆತ್ತಿ ನಾಲ್ಕು ಮಾತಿನಲ್ಲಿ ಹೇಳುವ ಅಭ್ಯಾಸ ಮಾಡಿಸಿರಿ.